ಸಂಬಳದ ಲೆಕ್ಕ ಯಾರ ಕೈಯಲ್ಲಿತ್ತು? ನರಸಾಪುರದ ವಿಸ್ಟ್ರಾನ್ ಪ್ರಕರಣದ ಅಧ್ಯಯನ

2020ರ ಡಿಸೆಂಬರ್ 12, ಶನಿವಾರ. ಕೋಲಾರ ತಾಲ್ಲೂಕಿನ ನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ತೈವಾನ್ ಮೂಲದ ವಿಸ್ಟ್ರಾನ್ ಕಂಪನಿ ಐಫೋನ್ ಜೋಡಿಸುತ್ತಿದ್ದ ಕಾರ್ಖಾನೆ. ರಾತ್ರಿ ಪಾಳಿಯವರು ಹೊರಗೆ ಬರುವ, ಬೆಳಗಿನ ಪಾಳಿಯವರು ಒಳಗೆ ಹೋಗುವ ಹೊತ್ತಿಗೆ ಕಾರ್ಮಿಕರ ಸಿಟ್ಟು ಸಿಡಿಯಿತು. ಗಾಜುಗಳು ಪುಡಿಯಾದವು, ಸಿಸಿಟಿವಿ ಕ್ಯಾಮೆರಾಗಳು ಮುರಿದವು, ವಾಹನಗಳು ಮಗುಚಿ ಬಿದ್ದವು. ಮಧ್ಯಾಹ್ನದ ಹೊತ್ತಿಗೆ ಆ ದೃಶ್ಯಗಳು ದೇಶದ ಎಲ್ಲ ಸುದ್ದಿವಾಹಿನಿಗಳಲ್ಲೂ ಬರುತ್ತಿದ್ದವು. ಹೂಡಿಕೆದಾರರು ಹೆದರಿ ಓಡಿಹೋಗುತ್ತಾರೆಯೇ ಎಂಬ ಚರ್ಚೆ ಆಗಲೇ ಶುರುವಾಗಿತ್ತು. ಕಾರ್ಮಿಕರು ಕೇಳಿದ್ದು ಏನು ಎಂಬ ಚರ್ಚೆ ತಡವಾಗಿ ಬಂತು.

ಅವರು ಕೇಳಿದ್ದು ಸಂಬಳ. ದುಡಿದ ದಿನಗಳ, ದುಡಿದ ಗಂಟೆಗಳ, ಮೊದಲು ಮಾತಾಡಿಕೊಂಡಿದ್ದ ಸಂಬಳ.

ವಾರ ಕಳೆದು ಡಿಸೆಂಬರ್ 19ರಂದು ಕಂಪನಿಯೇ ಒಪ್ಪಿಕೊಂಡಿತು: ಕೆಲವು ಕಾರ್ಮಿಕರಿಗೆ ಸರಿಯಾದ ಸಂಬಳ ಸರಿಯಾದ ಹೊತ್ತಿಗೆ ಸಿಕ್ಕಿರಲಿಲ್ಲ. ಅದು ಕ್ಷಮೆ ಕೇಳಿತು, ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ಹುದ್ದೆಯಿಂದ ತೆಗೆಯಿತು. ಅದರಿಂದ ಐಫೋನ್ ಜೋಡಿಸಿಕೊಳ್ಳುತ್ತಿದ್ದ ಆಪಲ್ ಕಂಪನಿಯೂ ಅದೇ ದಿನ ಹೇಳಿಕೆ ಕೊಟ್ಟಿತು. ಕೆಲಸದ ಸಮಯ ನಿರ್ವಹಿಸುವ ಸರಿಯಾದ ವ್ಯವಸ್ಥೆ ಅಲ್ಲಿರಲಿಲ್ಲ, ಅದರಿಂದಾಗಿ ಅಕ್ಟೋಬರ್ ಮತ್ತು ನವೆಂಬರ್ ತಿಂಗಳಲ್ಲಿ ಕೆಲವರ ಪಾವತಿ ತಡವಾಯಿತು ಎಂದಿತು. ವಿಸ್ಟ್ರಾನ್ ಕಂಪನಿಯನ್ನು ಪರೀಕ್ಷಾ ಅವಧಿಯಲ್ಲಿ ಇರಿಸಿ, ತಪ್ಪು ತಿದ್ದಿಕೊಳ್ಳುವ ತನಕ ಹೊಸ ವ್ಯವಹಾರ ಕೊಡುವುದಿಲ್ಲ ಎಂದು ಪ್ರಕಟಿಸಿತು.

ಆಡಳಿತ ನಿರ್ವಹಣೆ ಓದುವವರಿಗೆ ಕಾರ್ಪೊರೇಟ್ ನೀತಿಯ ಪಾಠ ಹೇಳುವಾಗ ಸಾಮಾನ್ಯವಾಗಿ ದೊಡ್ಡ ವಂಚನೆಗಳ ಕಥೆ ಬರುತ್ತದೆ: ಸುಳ್ಳು ಲೆಕ್ಕಪತ್ರ, ನಕಲಿ ಬ್ಯಾಂಕ್ ಠೇವಣಿ, ಕಣ್ಣುಮುಚ್ಚಿಕೊಂಡ ಲೆಕ್ಕಪರಿಶೋಧಕರು. ನರಸಾಪುರದ ಪ್ರಕರಣ ನನಗೆ ಅವೆಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ಇಲ್ಲಿ ಸಂಚು ಹೂಡಿದ ಖಳನಾಯಕ ಯಾರೂ ಎದ್ದು ಕಾಣುವುದಿಲ್ಲ. ನೀತಿ ಸಂಹಿತೆ ಇತ್ತು, ಕಾನೂನು ಇತ್ತು, ಲೆಕ್ಕ ಕೇಳುವಷ್ಟು ಶಕ್ತಿಯುಳ್ಳ ಗ್ರಾಹಕ ಕಂಪನಿಯೂ ಇತ್ತು. ಹಾಜರಿಯಿಂದ ಹಿಡಿದು ಕೈಗೆ ಸಂಬಳ ಬರುವವರೆಗಿನ ದಾರಿಗೆ ಹೊಣೆಗಾರನಾಗಿ ಒಬ್ಬ ಮನುಷ್ಯ ಮಾತ್ರ ಇರಲಿಲ್ಲ. ಸಂಸ್ಥೆಯ ರಚನೆಯಲ್ಲಿ ಹೊಣೆ ಯಾರ ಮೇಜಿನ ಮೇಲೂ ಕೂರದಿದ್ದರೆ ನೀತಿ ಎಷ್ಟು ಚೆನ್ನಾಗಿ ಬರೆದಿದ್ದರೂ ಜಾರಿಯಾಗುವುದಿಲ್ಲ ಎಂಬುದು ನನ್ನ ವಾದ. ಈ ಪ್ರಕರಣದ ಒಂದೊಂದು ವಿವರವೂ ಅದನ್ನೇ ತೋರಿಸುತ್ತದೆ.

ಜಾಗ ಮತ್ತು ಹಿನ್ನೆಲೆ

ಬೆಂಗಳೂರು–ಕೋಲಾರ ಹೆದ್ದಾರಿಯ ಪಕ್ಕದ ನರಸಾಪುರಕ್ಕೆ ಕಾರ್ಖಾನೆ ಹೊಸದಲ್ಲ. ಹೋಂಡಾ ದ್ವಿಚಕ್ರ ವಾಹನದ ದೊಡ್ಡ ಘಟಕ ಅಲ್ಲಿ 2013ರಿಂದ ಇದೆ. ಮಳೆ ಕಡಿಮೆ, ಕೊಳವೆಬಾವಿ ಪಾತಾಳಕ್ಕೆ ಇಳಿದ ಜಿಲ್ಲೆ ಅದು. ಹಾಲು, ರೇಷ್ಮೆ, ತರಕಾರಿ ಬಿಟ್ಟರೆ ಓದಿದ ಹುಡುಗ ಹುಡುಗಿಯರಿಗೆ ಊರಲ್ಲಿ ಕೆಲಸ ಕಡಿಮೆ. 2001ರ ಫೆಬ್ರವರಿಯಲ್ಲಿ ಕೆಜಿಎಫ್ ಚಿನ್ನದ ಗಣಿ ಮುಚ್ಚಿದ ಮೇಲೆ ಅಲ್ಲಿನ ಕುಟುಂಬಗಳ ಎಷ್ಟೋ ಮಂದಿ ದಿನವೂ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಹೀಗಿರುವಾಗ ಐಫೋನ್ ತಯಾರಿಸುವ ಕಂಪನಿ 43 ಎಕರೆಯಲ್ಲಿ ಬಂದು, ಸುಮಾರು 2,900 ಕೋಟಿ ರೂಪಾಯಿ ಹೂಡಿ, 10 ಸಾವಿರ ಕೆಲಸ ಕೊಡುತ್ತದೆ ಎಂದಾಗ ಐಟಿಐ, ಡಿಪ್ಲೊಮಾ, ಬಿಇ ಮುಗಿಸಿದ ಯುವಜನ ಅರ್ಜಿ ಹಿಡಿದು ಬಂದದ್ದು ಸಹಜ.

ಕೋಲಾರಕ್ಕೆ ದುಡಿಮೆಯ ಲೆಕ್ಕದ ಜಗಳವೂ ಹೊಸದಲ್ಲ. ಗಣಿ ಕಾರ್ಮಿಕರ ಬೆರಳಚ್ಚು ತೆಗೆದು ನೋಂದಾಯಿಸುವ ಪದ್ಧತಿ ಬಂದಾಗ 1930ರಲ್ಲಿ ಕೆಜಿಎಫ್‌ನಲ್ಲಿ ದೊಡ್ಡ ಮುಷ್ಕರವೇ ನಡೆದಿತ್ತು. ದುಡಿಯುವವನ ಗುರುತು, ಹಾಜರಿಯ ದಾಖಲೆ ಯಾರ ಕೈಯಲ್ಲಿರಬೇಕು, ಅದನ್ನು ಯಾವುದಕ್ಕೆ ಬಳಸಬಹುದು ಎಂಬ ಪ್ರಶ್ನೆ ಆ ಜಿಲ್ಲೆಯಲ್ಲಿ 90 ವರ್ಷ ಹಿಂದೆಯೇ ಎದ್ದಿತ್ತು ಎಂಬುದು ಹೊಸದಾಗಿ ಬಂದ ಯಾವ ವ್ಯವಸ್ಥಾಪಕನೂ ತಿಳಿದಿರಬೇಕಾದ ಸಂಗತಿ.

ವಿಸ್ಟ್ರಾನ್ ಭಾರತದಲ್ಲಿ ಐಫೋನ್ ಜೋಡಿಸಲು ಶುರುಮಾಡಿದ್ದು 2017ರಲ್ಲಿ, ಬೆಂಗಳೂರಿನ ಪೀಣ್ಯದಲ್ಲಿ. ನರಸಾಪುರದ ಘಟಕದಲ್ಲಿ ಕೆಲಸ ಆರಂಭವಾದದ್ದು 2020ರಲ್ಲಿ, ಕೋವಿಡ್ ನಡುವೆ. ಮೊಬೈಲ್ ತಯಾರಿಕೆಗೆ ಕೇಂದ್ರ ಸರ್ಕಾರ ಅದೇ ವರ್ಷ ಏಪ್ರಿಲ್‌ನಲ್ಲಿ ಉತ್ಪಾದನೆ ಆಧಾರಿತ ಪ್ರೋತ್ಸಾಹಧನ ಯೋಜನೆ ತಂದಿತ್ತು. ಮಾರಾಟ ಹೆಚ್ಚಾದಷ್ಟಕ್ಕೂ ಶೇ 4ರಿಂದ 6ರವರೆಗೆ ಪ್ರೋತ್ಸಾಹ. ಅಕ್ಟೋಬರ್‌ನಲ್ಲಿ ಅದಕ್ಕೆ ಒಪ್ಪಿಗೆ ಪಡೆದ ಕಂಪನಿಗಳಲ್ಲಿ ವಿಸ್ಟ್ರಾನ್ ಕೂಡ ಒಂದು. ಹೆಚ್ಚು ಮಾಡಿದರೆ ಹೆಚ್ಚು ಸಿಗುವ ಯೋಜನೆ ಕಣ್ಣೆದುರಿಗಿದ್ದಾಗ ಉತ್ಪಾದನೆ ಏರಿಸುವ ಒತ್ತಡ ಎಷ್ಟಿರುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಅಕ್ಟೋಬರ್ ತಿಂಗಳು

ಗಲಭೆಯ ನಂತರ ರಾಜ್ಯದ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆ ತಪಾಸಣೆ ಮಾಡಿ ಪ್ರಾಥಮಿಕ ವರದಿ ಕೊಟ್ಟಿತು. ಅದರಲ್ಲಿ ಹೊರಬಂದ ಮುಖ್ಯ ಅಂಶಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಏನಾಯಿತೆಂದು ಅರ್ಥವಾಗುತ್ತದೆ. 5,000 ಮಂದಿಗೆ ಅನುಮತಿ ಇದ್ದ ಕಡೆ ಬಹಳ ಕಡಿಮೆ ಅವಧಿಯಲ್ಲಿ ಸಂಖ್ಯೆ 10,500ಕ್ಕೆ ಏರಿತ್ತು. ಅಕ್ಟೋಬರ್‌ನಿಂದ 8 ಗಂಟೆಯ ಪಾಳಿ 12 ಗಂಟೆಯದಾಯಿತು, ಅದನ್ನು ಇಲಾಖೆಗೆ ತಿಳಿಸಿರಲಿಲ್ಲ. ಹಾಜರಿ ದಾಖಲಿಸುವ ವ್ಯವಸ್ಥೆ ಕೆಟ್ಟಿತ್ತು, ಎರಡು ತಿಂಗಳಾದರೂ ಸರಿಯಾಗಿರಲಿಲ್ಲ. ಕಾರ್ಮಿಕ ಕಾನೂನು ಚೆನ್ನಾಗಿ ತಿಳಿದ ಸಿಬ್ಬಂದಿ ಎಚ್‌ಆರ್ (ಸಿಬ್ಬಂದಿ ನಿರ್ವಹಣಾ) ವಿಭಾಗದಲ್ಲಿ ಸಾಕಷ್ಟು ಇರಲಿಲ್ಲ. ಮಹಿಳೆಯರಿಂದ ಅನುಮತಿ ಇಲ್ಲದೆ ಹೆಚ್ಚುವರಿ ಗಂಟೆ ದುಡಿಸಿಕೊಂಡದ್ದೂ ವರದಿಯಲ್ಲಿತ್ತು.

ಇವುಗಳಲ್ಲಿ ಒಂದೊಂದೂ ಯಾವುದೇ ಕಾರ್ಖಾನೆಯಲ್ಲಿ ಆಗಬಹುದಾದ ಎಡವಟ್ಟು. ನಿರ್ವಹಣೆಯ ದೃಷ್ಟಿಯಿಂದ ಗಂಭೀರವಾದದ್ದು ಅವೆಲ್ಲ ಒಂದೇ ಕಾಲಕ್ಕೆ ಕೂಡಿಬಂದದ್ದು. ಜನ ಇಮ್ಮಡಿಯಾದಾಗ ಹೊಸಬರ ಹೆಸರು, ಬ್ಯಾಂಕ್ ಖಾತೆ, ಭವಿಷ್ಯನಿಧಿ ಸಂಖ್ಯೆ, ಒಪ್ಪಂದದ ಸಂಬಳ ಇವೆಲ್ಲ ಲೆಕ್ಕದ ಪುಸ್ತಕಕ್ಕೆ ಬರಬೇಕು. ಪಾಳಿ ಬದಲಾದಾಗ ಓಟಿ (ಹೆಚ್ಚುವರಿ ಗಂಟೆಯ ದುಡಿಮೆ) ಲೆಕ್ಕದ ಸೂತ್ರವೇ ಬದಲಾಗುತ್ತದೆ. ಅದೇ ವೇಳೆಗೆ ಹಾಜರಿ ಯಂತ್ರ ಕೆಟ್ಟರೆ ಸೂತ್ರಕ್ಕೆ ಹಾಕಲು ಅಂಕಿಯೇ ಇರುವುದಿಲ್ಲ. ಈ ಎಲ್ಲವನ್ನೂ ಹಿಡಿದು ನಿಲ್ಲಿಸಬೇಕಾದ ಎಚ್‌ಆರ್ ವಿಭಾಗ ಬೆಳೆದಿರಲಿಲ್ಲ. ಉತ್ಪಾದನೆ ಬೆಳೆದ ವೇಗಕ್ಕೆ ಆಡಳಿತ ಬೆಳೆಯಲಿಲ್ಲ.

ಈ ನಿರ್ಧಾರಗಳನ್ನು ತಡೆಯುವ ಅಧಿಕಾರ ಯಾರಿಗಾದರೂ ಇತ್ತೇ? ಯಂತ್ರದ ಸುರಕ್ಷತೆ ಸರಿಯಿಲ್ಲ ಎಂದಾದರೆ ಲೈನ್ ನಿಲ್ಲಿಸುವ ಅಧಿಕಾರ ಒಳ್ಳೆಯ ಕಾರ್ಖಾನೆಗಳಲ್ಲಿ ಸಣ್ಣ ಮೇಲ್ವಿಚಾರಕನಿಗೂ ಇರುತ್ತದೆ. ಸಂಬಳದ ವ್ಯವಸ್ಥೆ ಸಿದ್ಧವಿಲ್ಲ, ಹೊಸ ಪಾಳಿ ಮುಂದಿನ ತಿಂಗಳಿಗೆ ಹಾಕೋಣ ಎಂದು ಹೇಳಿ ಗೆಲ್ಲಬಲ್ಲ ಒಬ್ಬ ಅಧಿಕಾರಿ ಎಷ್ಟು ಕಂಪನಿಗಳಲ್ಲಿ ಇದ್ದಾರೆ? ಇದು ವಿಸ್ಟ್ರಾನ್ ಒಂದರ ಸಮಸ್ಯೆ ಎಂದು ನನಗೆ ಅನ್ನಿಸುವುದಿಲ್ಲ.

12 ಗಂಟೆಯ ಲೆಕ್ಕ

ಹೊರಗಿನವರಿಗೆ 8ರ ಪಾಳಿ 12 ಆಯಿತು ಎಂದರೆ ನಾಲ್ಕು ಗಂಟೆ ಜಾಸ್ತಿ ಎಂದಷ್ಟೇ ಕಾಣುತ್ತದೆ. ಕಾರ್ಮಿಕನ ಮನೆಯ ಲೆಕ್ಕ ಬೇರೆ.

1948ರ ಕಾರ್ಖಾನೆಗಳ ಕಾಯ್ದೆಯ ಪ್ರಕಾರ ವಯಸ್ಕ ಕಾರ್ಮಿಕನ ಸಾಮಾನ್ಯ ದುಡಿಮೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಮೀರಬಾರದಿತ್ತು. ಮೀರಿದ ಪ್ರತಿ ಗಂಟೆಗೂ ಸಾಮಾನ್ಯ ದರದ ಎರಡರಷ್ಟು ಕೂಲಿ ಕೊಡಬೇಕಿತ್ತು. ಓಟಿ ಸೇರಿದರೂ ವಾರದ ಒಟ್ಟು 60 ಗಂಟೆ ದಾಟುವಂತಿರಲಿಲ್ಲ. ಈಗ ಲೆಕ್ಕ ಹಾಕೋಣ. ತಿಂಗಳಿಗೆ 12,000 ರೂಪಾಯಿ, 26 ದಿನದ ಕೆಲಸ ಎಂದಿಟ್ಟುಕೊಂಡರೆ ದಿನಕ್ಕೆ ಸುಮಾರು 461 ರೂಪಾಯಿ, 8 ಗಂಟೆಯ ದಿನದಲ್ಲಿ ಗಂಟೆಗೆ 57 ರೂಪಾಯಿ ಚಿಲ್ಲರೆ. ವಾರಕ್ಕೆ ಆರು ದಿನ ದುಡಿದರೆ ದಿನಕ್ಕೆ 8 ಗಂಟೆಗೇ 48 ಮುಗಿಯುವುದರಿಂದ, ಪಾಳಿ 12 ಗಂಟೆಯಾದರೆ ಉಳಿದ ನಾಲ್ಕು ಗಂಟೆಗೆ ಎರಡರಷ್ಟು ದರದಲ್ಲಿ ಮತ್ತೆ 461 ಸೇರುತ್ತದೆ. ಅಂದರೆ ದಿನವಿಡೀ 12 ಗಂಟೆ ದುಡಿದವನಿಗೆ ದಿನಗೂಲಿ ಸರಿಯಾಗಿ ಇಮ್ಮಡಿಯಾಗಬೇಕು. ಊಟ, ಚಹಾದ ವಿರಾಮ ಕಳೆದರೂ ತಿಂಗಳ ಕೊನೆಗೆ ಕೈಗೆ ಬರುವ ಹಣ ಮೊದಲಿಗಿಂತ ಬಹಳ ಹೆಚ್ಚಿರಬೇಕು.

ಕಾರ್ಮಿಕರು ಹೇಳಿದ್ದು ಇದಕ್ಕೆ ತದ್ವಿರುದ್ಧ. ಎಂಜಿನಿಯರಿಂಗ್ ಪದವೀಧರರಿಗೆ 21,000 ರೂಪಾಯಿ ಎಂದು ಹೇಳಿ ಸೇರಿಸಿಕೊಂಡು, ಬರಬರುತ್ತ ಅದು 16,000ಕ್ಕೆ, ಆಮೇಲೆ 12,000ಕ್ಕೆ ಇಳಿಯಿತು ಎಂಬ ದೂರು ಪತ್ರಿಕೆಗಳಲ್ಲಿ ವರದಿಯಾಯಿತು. ಇತರ ಪದವೀಧರರ ಸಂಬಳ 8,000ಕ್ಕೆ ಇಳಿಯಿತು ಎಂದೂ ವರದಿಯಾಯಿತು. ಮನೆಯಲ್ಲಿ ಅಪ್ಪ ಅಮ್ಮನಿಗೆ ಈ ತಿಂಗಳಿಂದ ಹೆಚ್ಚು ಹೊತ್ತು ಕೆಲಸ, ಹೆಚ್ಚು ದುಡ್ಡು ಎಂದು ಹೇಳಿಬಂದ ಹುಡುಗಿಯ ಮೊಬೈಲಿಗೆ ಹಿಂದಿನ ತಿಂಗಳಿಗಿಂತ ಕಡಿಮೆ ಮೊತ್ತ ಜಮೆಯಾದ ಸಂದೇಶ ಬಂದರೆ ಆಕೆ ಅದನ್ನು ಯಾವ ತಾಂತ್ರಿಕ ದೋಷ ಎಂದು ನಂಬಬೇಕು? ದುಡಿಮೆ ಹೆಚ್ಚಿದಾಗ ಸಂಬಳ ಇಳಿಯಿತು. ಸಿಟ್ಟಿನ ಬೇರು ಇಲ್ಲಿದೆ.

ಹಾಜರಿಯ ತೊಡಕನ್ನೂ ಅಂಕಿಯಲ್ಲಿ ನೋಡಬೇಕು. 10,000 ಮಂದಿ, ತಿಂಗಳಿಗೆ 26 ದಿನ, ಹಾಜರಿ ಯಂತ್ರದಲ್ಲಿ ಒಳಗೆ ಬರುವಾಗ ಒಂದು ಪಂಚ್, ಹೋಗುವಾಗ ಒಂದು ಪಂಚ್: ತಿಂಗಳಿಗೆ 5.2 ಲಕ್ಷ ದಾಖಲೆ. ನೂರಕ್ಕೆ ಒಂದು ತಪ್ಪಿದರೂ 5,200 ತಪ್ಪು. ಹೊರಹೋದ ಪಂಚ್ ಇಲ್ಲದಿದ್ದರೆ ಸಂಬಳದ ತಂತ್ರಾಂಶ ಸಾಮಾನ್ಯವಾಗಿ ಆ ದಿನವನ್ನು ಅರ್ಧ ದಿನ ಅಥವಾ ಗೈರು ಎಂದು ಬರೆದುಕೊಳ್ಳುತ್ತದೆ. ಅದನ್ನು ಸರಿಪಡಿಸಲು ಯಾರಾದರೂ ಕೂತು ಮೇಲ್ವಿಚಾರಕನ ಚೀಟಿ, ಬಸ್ಸಿನ ಪಟ್ಟಿ, ಕ್ಯಾಂಟೀನ್ ಲೆಕ್ಕ ತಾಳೆ ನೋಡಬೇಕು. 5,200 ಸಲ.

ಯಂತ್ರ ಕೆಡುವುದು ಅನೀತಿಯಲ್ಲ. ಯಂತ್ರ ಕೆಟ್ಟಾಗ, ಒಬ್ಬ ಮನುಷ್ಯ ಆ ದಿನ ಬಂದಿದ್ದನೋ ಇಲ್ಲವೋ ಎಂಬುದು ಲೆಕ್ಕಕ್ಕೆ ಸಿಗದಾಗ, ಸಂದೇಹದ ಲಾಭ ಯಾರಿಗೆ ಹೋಗಬೇಕು ಎಂದು ಯಾರೋ ನಿರ್ಧರಿಸಬೇಕಾಗುತ್ತದೆ. ಎರಡು ದಾರಿ ಇವೆ. ದಾಖಲೆ ಸಿಗದ ದಿನಗಳನ್ನು ಹಾಜರಿ ಎಂದು ಹಿಡಿದು ಪೂರ್ತಿ ಸಂಬಳ ಕೊಟ್ಟು, ತಪ್ಪಿದ್ದರೆ ಮುಂದಿನ ತಿಂಗಳು ಸರಿಹೊಂದಿಸುವುದು ಒಂದು. ದಾಖಲೆ ಇದ್ದಷ್ಟಕ್ಕೆ ಮಾತ್ರ ಕೊಟ್ಟು, ಉಳಿದದ್ದನ್ನು ಕಾರ್ಮಿಕ ಬಂದು ಸಾಬೀತು ಮಾಡಲಿ ಎನ್ನುವುದು ಇನ್ನೊಂದು. ಮೊದಲನೆಯದರಲ್ಲಿ ಕಂಪನಿಗೆ ಸ್ವಲ್ಪ ಹಣ ಹೋಗಬಹುದು. ಎರಡನೆಯದರಲ್ಲಿ ಬಾಡಿಗೆ, ಸಾಲದ ಕಂತು ಕಟ್ಟಬೇಕಾದವನ ತಿಂಗಳು ಹಾಳಾಗುತ್ತದೆ. ಯಾರೂ ನಿರ್ಧರಿಸದೆ ಬಿಟ್ಟರೆ ತಂತ್ರಾಂಶ ತಾನಾಗಿಯೇ ಎರಡನೆಯದನ್ನು ಆರಿಸಿಕೊಳ್ಳುತ್ತದೆ. ಕೆಲಸದ ಸ್ಥಳದ ನೀತಿ ಎಂಬುದು ಇಷ್ಟು ಸಣ್ಣ, ಇಷ್ಟು ನೀರಸವಾದ ಜಾಗದಲ್ಲಿ ಇರುತ್ತದೆ ಎಂದು ಪದವಿ ತರಗತಿಯಲ್ಲೇ ಹೇಳಿಕೊಡಬೇಕು.

ಒಬ್ಬ ಕಾರ್ಮಿಕ, ಹಲವು ಯಜಮಾನರು

ಸರ್ಕಾರದ ಲೆಕ್ಕದಂತೆ ಆ ಘಟಕದಲ್ಲಿ ಕಾಯಂ ನೌಕರರು 1,343. ಗುತ್ತಿಗೆ ಕಾರ್ಮಿಕರು 8,490. ಗುತ್ತಿಗೆಯವರನ್ನು ಪೂರೈಸಿದ್ದು ಆರು ಏಜೆನ್ಸಿಗಳು.

ಫ್ರಾನ್ಸಿನ ಗಣಿ ಎಂಜಿನಿಯರ್ ಹೆನ್ರಿ ಫಯೋಲ್ 1916ರಲ್ಲಿ ಪಟ್ಟಿ ಮಾಡಿದ 14 ತತ್ವಗಳನ್ನು ನಮ್ಮ ಬಿಕಾಂ, ಬಿಬಿಎ ವಿದ್ಯಾರ್ಥಿಗಳು ಇಂದಿಗೂ ಉರುಹೊಡೆಯುತ್ತಾರೆ. ಅವುಗಳಲ್ಲಿ ಒಂದು ಆದೇಶದ ಏಕತೆ: ಒಬ್ಬ ನೌಕರನಿಗೆ ಆಜ್ಞೆ ಕೊಡುವವನು ಒಬ್ಬನೇ ಇರಬೇಕು. ಇನ್ನೊಂದು, ಅಧಿಕಾರ ಇರುವಲ್ಲಿ ಹೊಣೆಯೂ ಇರಬೇಕು. ಈ ಎರಡನ್ನು ನರಸಾಪುರದ ಮೇಲೆ ಇಟ್ಟು ನೋಡಿದರೆ ಪರೀಕ್ಷೆಗೆ ಓದಿದ ಸಾಲುಗಳಿಗೆ ಜೀವ ಬರುತ್ತದೆ.

ಗುತ್ತಿಗೆ ಕಾರ್ಮಿಕನಿಗೆ ಯಾವ ಲೈನಿನಲ್ಲಿ ನಿಲ್ಲಬೇಕು, ಎಷ್ಟು ತಯಾರಿಸಬೇಕು, ಯಾವ ಪಾಳಿಗೆ ಬರಬೇಕು ಎಂದು ಹೇಳುವುದು ಕಂಪನಿ. ಅವನನ್ನು ಕೆಲಸಕ್ಕೆ ಸೇರಿಸಿಕೊಂಡದ್ದು, ಸಂಬಳ ಇಷ್ಟು ಎಂದು ಮಾತು ಕೊಟ್ಟದ್ದು, ತಿಂಗಳ ಕೊನೆಗೆ ಹಣ ಹಾಕುವುದು ಏಜೆನ್ಸಿ. ಅವನ ಹಾಜರಿ ಹಿಡಿಯುವ ಯಂತ್ರ ಇರುವುದು ಕಂಪನಿಯ ಗೇಟಿನಲ್ಲಿ. ಆ ಹಾಜರಿ ಏಜೆನ್ಸಿಗೆ ಹೋಗಬೇಕು, ಏಜೆನ್ಸಿ ಬಿಲ್ ಮಾಡಬೇಕು, ಕಂಪನಿ ಬಿಲ್ ಒಪ್ಪಬೇಕು, ಆಮೇಲೆ ಸಂಬಳ. ಗುತ್ತಿಗೆ ಪದ್ಧತಿ ಎಲ್ಲ ಕಡೆಯೂ ಹೆಚ್ಚುಕಡಿಮೆ ಹೀಗೇ ನಡೆಯುತ್ತದೆ. ಒಂದೇ ಲೈನಿನಲ್ಲಿ ಪಕ್ಕಪಕ್ಕ ನಿಂತು ಒಂದೇ ಕೆಲಸ ಮಾಡುವ ಇಬ್ಬರು ಬೇರೆ ಬೇರೆ ಏಜೆನ್ಸಿಯವರಾಗಿದ್ದರೆ ಅವರ ಪೇ ಸ್ಲಿಪ್ಪಿನ ರೂಪವೂ ಕಡಿತವೂ ಹಣ ಬರುವ ದಿನವೂ ಬೇರೆಯಾಗಬಹುದು.

ಇಂಥ ರಚನೆಯಲ್ಲಿ ಒಂದು ದೂರು ಹೇಗೆ ಸಾಗುತ್ತದೆ ಎಂದು ಕಲ್ಪಿಸಿಕೊಳ್ಳಿ. “ಸಾರ್, ಈ ತಿಂಗಳು ನನ್ನ ಸಂಬಳ ಕಮ್ಮಿ ಬಂದೈತೆ” ಎಂದು ಹುಡುಗ ಲೈನ್ ಲೀಡರನ್ನು ಕೇಳುತ್ತಾನೆ. “ಅದು ನಮ್ ಕೈಲಿಲ್ಲಪ್ಪ, ನಿಮ್ ಏಜೆನ್ಸಿಯವರನ್ನ ಕೇಳು” ಎನ್ನುತ್ತಾನೆ ಲೀಡರ್. ಏಜೆನ್ಸಿಯ ಪ್ರತಿನಿಧಿ “ಕಂಪನಿಯಿಂದ ಬಂದ ಹಾಜರಿ ಇಷ್ಟೇ, ನಾವೇನು ಮಾಡೋಣ, ಎಚ್‌ಆರ್ ಹತ್ರ ಸರಿ ಮಾಡಿಸ್ಕೊಂಡು ಬಾ” ಎನ್ನುತ್ತಾನೆ. ಎಚ್‌ಆರ್ ಕಚೇರಿಯಲ್ಲಿ ಆಗಲೇ ಉದ್ದ ಸಾಲು. ಮೂವರೂ ಸುಳ್ಳು ಹೇಳಿಲ್ಲ. ಮೂವರಿಗೂ ಅಧಿಕಾರದ ಒಂದೊಂದು ತುಂಡು ಇದೆ, ಹೊಣೆ ಯಾರಿಗೂ ಇಲ್ಲ. ಹುಡುಗನಿಗೆ ಮಾತ್ರ 12 ಗಂಟೆ ದುಡಿದು ದಣಿದ ಮೇಲೆ ಮೂರು ಬಾಗಿಲು ಸುತ್ತುವ ಕೆಲಸ.

ಫಯೋಲ್ ಹೇಳಿದ ಇನ್ನೊಂದು ವಿಚಾರವನ್ನು ತರಗತಿಗಳಲ್ಲಿ ಬೇಗ ದಾಟಿಬಿಡುತ್ತಾರೆ. ಆದೇಶದ ಸರಪಳಿ ಉದ್ದವಾಗಿದ್ದಾಗ ತುರ್ತಿನ ವಿಷಯಕ್ಕೆ ಒಂದು ವಿಭಾಗದವನು ಇನ್ನೊಂದು ವಿಭಾಗದ ತನ್ನ ಸಮಾನನ ಜೊತೆ ನೇರವಾಗಿ ಮಾತಾಡಿ ಮುಗಿಸುವಂತೆ ಅಡ್ಡ ಸೇತುವೆ ಇರಬೇಕು, ಮೇಲಿನವರಿಗೆ ಅದು ತಿಳಿದಿರಬೇಕು ಎಂದು ಅವರು ಹೇಳಿದ್ದರು. ಲೈನ್ ಲೀಡರಿಗೂ ಏಜೆನ್ಸಿ ಪ್ರತಿನಿಧಿಗೂ ಸಂಬಳ ವಿಭಾಗಕ್ಕೂ ನಡುವೆ ಅಂಥ ಸೇತುವೆ ಇದ್ದಿದ್ದರೆ, ದಿನದ ಕೊನೆಗೆ ಮೂವರೂ ಕೂತು ಆ ದಿನದ ಹಾಜರಿಗೆ ಸಹಿ ಹಾಕುವಂತಿದ್ದರೆ, ತಪ್ಪು ತಿಂಗಳ ಕೊನೆಯವರೆಗೆ ಬೆಳೆಯುತ್ತಿರಲಿಲ್ಲ. ಯಂತ್ರ ಕೆಟ್ಟರೂ ಕಾಗದದ ಹಾಜರಿ ಪುಸ್ತಕ ಇರುತ್ತಿತ್ತು.

ಕಾನೂನು ಕಟ್ಟಿಕೊಟ್ಟಿದ್ದ ಬಾಗಿಲುಗಳು

ಹೊಣೆ ಗುತ್ತಿಗೆದಾರನದು ಎಂದು ಕೈತೊಳೆದುಕೊಳ್ಳಲು ಕಾನೂನು ಅವಕಾಶ ಕೊಟ್ಟಿರಲಿಲ್ಲ. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ 21ನೇ ಕಲಂ ಪ್ರಕಾರ ಗುತ್ತಿಗೆದಾರ ಸಂಬಳ ಕೊಡದಿದ್ದರೆ ಅಥವಾ ಕಡಿಮೆ ಕೊಟ್ಟರೆ ಪ್ರಧಾನ ಮಾಲೀಕನೇ (ಕೆಲಸ ಮಾಡಿಸಿಕೊಳ್ಳುವ ಕಂಪನಿಯೇ) ಕೊಟ್ಟು, ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕಿತ್ತು. ಸಂಬಳ ಬಟವಾಡೆ ಆಗುವಾಗ ಪ್ರಧಾನ ಮಾಲೀಕನ ಪ್ರತಿನಿಧಿ ಹಾಜರಿದ್ದು ಸಹಿ ಹಾಕಬೇಕು ಎಂದೂ ಅದೇ ಕಲಂ ಹೇಳುತ್ತಿತ್ತು. ಆ ಸಾಲು ಬರೆದವರಿಗೆ ಗುತ್ತಿಗೆ ಪದ್ಧತಿಯಲ್ಲಿ ಹಣ ಎಲ್ಲಿ ಸೋರುತ್ತದೆ ಎಂದು ಚೆನ್ನಾಗಿ ಗೊತ್ತಿತ್ತು. ಬ್ಯಾಂಕ್ ಖಾತೆಗೆ ನೇರ ಜಮೆ ಬಂದ ಮೇಲೆ ಎದುರಿಗೆ ಕೂತು ಬಟವಾಡೆ ಮಾಡುವ ಪದ್ಧತಿ ಹೋಯಿತು, ಒಳ್ಳೆಯದೇ. ಜೊತೆಗೆ ಆ ದಿನ ಅಲ್ಲೇ ನಿಂತು ಪ್ರಶ್ನೆ ಕೇಳುವ ಮೇಜೂ ಹೋಯಿತು.

1936ರ ವೇತನ ಪಾವತಿ ಕಾಯ್ದೆ ಸಾವಿರಕ್ಕಿಂತ ಕಡಿಮೆ ಜನರಿರುವ ಕಡೆ ಮುಂದಿನ ತಿಂಗಳ 7ನೇ ತಾರೀಖಿನೊಳಗೆ, ಸಾವಿರ ಮತ್ತು ಹೆಚ್ಚು ಇದ್ದರೆ 10ನೇ ತಾರೀಖಿನೊಳಗೆ ಸಂಬಳ ಆಗಬೇಕು ಎಂದಿತ್ತು. 500 ಕಾರ್ಮಿಕರಿರುವ ಕಾರ್ಖಾನೆಗೆ ಕಲ್ಯಾಣಾಧಿಕಾರಿ ಕಡ್ಡಾಯವಾಗಿತ್ತು. ಕೈಗಾರಿಕಾ ವಿವಾದಗಳ ಕಾಯ್ದೆಯಡಿ 20 ಮಂದಿ ಇದ್ದರೂ ಕುಂದುಕೊರತೆ ಸಮಿತಿ ಬೇಕಿತ್ತು, 100 ಮಂದಿ ಇದ್ದರೆ ಕಾರ್ಮಿಕರ ಮತ್ತು ಆಡಳಿತದ ಸಮಾನ ಪ್ರತಿನಿಧಿಗಳ ಕಾರ್ಯ ಸಮಿತಿ ಬೇಕೆಂದು ಸರ್ಕಾರ ಆದೇಶಿಸಬಹುದಿತ್ತು. ಈ ಎಲ್ಲ ಕಾಯ್ದೆಗಳನ್ನು ಉದ್ಯಮದವರು ಅಡಚಣೆಯ ಕಂತೆ ಎಂದು ಕರೆಯುವುದನ್ನು ಕೇಳಿದ್ದೇವೆ. ನಾನು ಅವನ್ನು ಸಂಸ್ಥೆಯ ರಚನೆಯ ನಕ್ಷೆಯಾಗಿ ಓದುತ್ತೇನೆ. ಎಷ್ಟು ಜನ ಸೇರಿದ ಮೇಲೆ ಮಾತು ಕೇಳುವ ಕಿವಿ ಎಷ್ಟು ಬೇಕು ಎಂದು ಕಾರ್ಖಾನೆಗಳ ನೂರು ವರ್ಷದ ಅನುಭವ ಕಲಿಸಿದ ಅಳತೆಗಳು ಅವು. 10,500 ಜನರಿರುವ ಕಡೆ ಅವು ಕಾಗದದ ಮೇಲಲ್ಲದೆ ನಿಜವಾಗಿ ಕೆಲಸ ಮಾಡಿದ್ದರೆ ಅಕ್ಟೋಬರ್ ಸಂಬಳದ ಗೊಂದಲ ನವೆಂಬರ್ ಮೊದಲ ಪಕ್ಷದಲ್ಲೇ ಮೇಲಿನವರೆಗೆ ಮುಟ್ಟುತ್ತಿತ್ತು.

ಆ ವರ್ಷದ ವಾತಾವರಣವನ್ನೂ ಮರೆಯಬಾರದು. 2020ರ ಮೇ ತಿಂಗಳಲ್ಲಿ ಕರ್ನಾಟಕ ಸರ್ಕಾರವೇ ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆ ದುಡಿಸಿಕೊಳ್ಳಬಹುದು ಎಂದು ಅಧಿಸೂಚನೆ ಹೊರಡಿಸಿ, ಹೈಕೋರ್ಟಿನಲ್ಲಿ ಪ್ರಶ್ನೆ ಎದ್ದ ಮೇಲೆ ಜೂನ್‌ನಲ್ಲಿ ಹಿಂತೆಗೆದುಕೊಂಡಿತ್ತು. ಗುಜರಾತ್ ಸರ್ಕಾರದ ಅಂಥದೇ ಆದೇಶವನ್ನು ಸುಪ್ರೀಂ ಕೋರ್ಟ್ ಅಕ್ಟೋಬರ್ 1ರಂದು ರದ್ದುಮಾಡಿತು. ಓಟಿ ದರ ಕಡಿಮೆ ಮಾಡಲು ಕೋವಿಡ್ ನೆಪವಾಗದು ಎಂದು ಸ್ಪಷ್ಟವಾಗಿ ಹೇಳಿತು. ನರಸಾಪುರದಲ್ಲಿ 12 ಗಂಟೆಯ ಪಾಳಿ ಬಂದದ್ದು ಅದೇ ಅಕ್ಟೋಬರ್‌ನಲ್ಲಿ. ಕಾರ್ಮಿಕ ಕಾನೂನು ಬಲ್ಲ ಒಬ್ಬ ಹಿರಿಯ ಅಧಿಕಾರಿ ಆ ಎಚ್‌ಆರ್ ವಿಭಾಗದಲ್ಲಿದ್ದಿದ್ದರೆ ಈ ತೀರ್ಪಿನ ಸುದ್ದಿಯನ್ನಾದರೂ ಮೇಲಿನವರ ಮುಂದೆ ಇಡುತ್ತಿದ್ದರು.

ಆಪಲ್‌ನ ಸಂಹಿತೆ ಎಲ್ಲಿಯವರೆಗೆ ತಲುಪಿತು

ಆಪಲ್‌ಗೆ ಪೂರೈಕೆದಾರರ ನೀತಿ ಸಂಹಿತೆ ಬಹಳ ವರ್ಷಗಳಿಂದ ಇದೆ. ಓಟಿ ಸೇರಿ ವಾರಕ್ಕೆ 60 ಗಂಟೆ ಮೀರಬಾರದು, ಏಳು ದಿನಕ್ಕೊಂದು ರಜೆ ಬೇಕು, ಸಂಬಳ ಕಾನೂನಿನಂತೆ ಸಮಯಕ್ಕೆ ಆಗಬೇಕು ಎಂದೆಲ್ಲ ಅದರಲ್ಲಿದೆ. ಪ್ರತಿ ವರ್ಷ ತಪಾಸಣೆಯ ವರದಿಯೂ ಬರುತ್ತದೆ. ಅಂಥ ಗ್ರಾಹಕನ ಕಣ್ಣೆದುರಿಗೇ ಎರಡು ತಿಂಗಳು ಇದು ನಡೆಯಿತು. ಆಪಲ್ ತನ್ನ ಸಿಬ್ಬಂದಿಯನ್ನೂ ಹೊರಗಿನ ಲೆಕ್ಕಪರಿಶೋಧಕರನ್ನೂ ನರಸಾಪುರಕ್ಕೆ ಕಳಿಸಿದ್ದು ಗಾಜು ಒಡೆದ ಮೇಲೆ.

ತಪಾಸಣೆ ಎಂಬುದು ಒಂದು ದಿನದ ಸ್ಥಿತಿಯನ್ನು ಹೇಳುತ್ತದೆ. ಸಂಬಳದ ತೊಂದರೆ ತಿಂಗಳಿಂದ ತಿಂಗಳಿಗೆ ಬೆಳೆಯುವಂಥದ್ದು. ಸೆಪ್ಟೆಂಬರ್‌ನಲ್ಲಿ ಹಾಜರಿ ಸರಿಯಾಗಿದ್ದ ಕಾರ್ಖಾನೆ ಅಕ್ಟೋಬರ್‌ನಲ್ಲಿ ಬೇರೆಯೇ ಕಾರ್ಖಾನೆಯಾಗಿತ್ತು. ಉತ್ಪಾದನೆಯ ವಿಷಯದಲ್ಲಿ ಆಪಲ್ ಹೀಗೆ ಕಾಯುವುದಿಲ್ಲ. ಎಷ್ಟು ಫೋನ್ ಆಯಿತು, ಎಷ್ಟು ತಿರಸ್ಕೃತವಾಯಿತು ಎಂಬ ಅಂಕಿ ಇಂಥ ಉದ್ಯಮದಲ್ಲಿ ದಿನದಿನವೂ ಮೇಲೆ ಹೋಗುತ್ತದೆ. ಎಷ್ಟು ಮಂದಿಗೆ ಸಂಬಳ ತಪ್ಪಾಗಿದೆ, ಎಷ್ಟು ದೂರು ಇತ್ಯರ್ಥವಾಗಿಲ್ಲ ಎಂಬ ಅಂಕಿಯೂ ಅದೇ ಪರದೆಯ ಮೇಲೆ ಬಂದಿದ್ದರೆ ನವೆಂಬರ್‌ನಲ್ಲೇ ಯಾರಾದರೂ ಫೋನ್ ಮಾಡುತ್ತಿದ್ದರು. ಅಳೆಯುವ ವಸ್ತುವಿಗೆ ಮಾತ್ರ ಒಡೆಯರಿರುತ್ತಾರೆ.

ಉಪಾಧ್ಯಕ್ಷರನ್ನು ತೆಗೆದದ್ದರ ಬಗ್ಗೆ ಒಂದು ಮಾತು. ಹೊಣೆ ಮೇಲಿನವರದು ಎಂದು ಕಂಪನಿ ಒಪ್ಪಿಕೊಂಡದ್ದು ಸರಿ. ನಮ್ಮಲ್ಲಿ ಇಂಥ ಹೊತ್ತಿನಲ್ಲಿ ಸಣ್ಣ ಎಚ್‌ಆರ್ ಅಧಿಕಾರಿಯೊಬ್ಬ ಬಲಿಯಾಗುವುದೇ ಹೆಚ್ಚು. ಆದರೆ ಒಬ್ಬ ವ್ಯಕ್ತಿ ಹೋದರೆ ಹಾಜರಿಯಿಂದ ಸಂಬಳದವರೆಗಿನ ದಾರಿ ತಾನಾಗಿ ರಿಪೇರಿಯಾಗುವುದಿಲ್ಲ. ಮುಂದೆ ಕಂಪನಿ ಮಾಡಿದ ಬೇರೆ ಬದಲಾವಣೆಗಳು ಅದಕ್ಕಿಂತ ಹೆಚ್ಚು ತೂಕದವು.

ಗಲಭೆಯ ಬಗ್ಗೆ

ಒಡೆದದ್ದನ್ನು, ಸುಟ್ಟದ್ದನ್ನು ಸರಿ ಎಂದು ನಾನು ಬರೆಯಲಾರೆ. ಅಂದು ಕೆಲಸದಲ್ಲಿದ್ದ ಎಷ್ಟೋ ಜನ ಹೆದರಿ ಅಡಗಿ ಕೂತಿದ್ದರು. ಅವರಲ್ಲೂ ಹೆಚ್ಚಿನವರು ಇದೇ ಊರುಗಳ ಸಂಬಳದಾರರು. ಗಲಭೆಯ ಬೆಲೆ ತೆತ್ತವರಲ್ಲಿ ಕಾರ್ಮಿಕರೇ ಮೊದಲಿಗರು. 150ಕ್ಕೂ ಹೆಚ್ಚು ಮಂದಿ ಬಂಧನಕ್ಕೊಳಗಾದರು, ಸಾವಿರಾರು ಮಂದಿಯ ಮೇಲೆ ಪ್ರಕರಣ ದಾಖಲಾಯಿತು. ಇಪ್ಪತ್ತೆರಡು ಇಪ್ಪತ್ಮೂರರ ವಯಸ್ಸಿನಲ್ಲಿ ಪೊಲೀಸ್ ದಾಖಲೆ ಸೇರಿದ ಹೆಸರು ಮುಂದಿನ ಕೆಲಸದ ಅರ್ಜಿಯಲ್ಲೂ ಹಿಂಬಾಲಿಸುತ್ತದೆ.

ನಷ್ಟದ ಅಂಕಿಯೂ ಗಮನಿಸಬೇಕಾದದ್ದು. ಮೊದಲು ಅಧಿಕಾರಿಗಳಿಗೆ ಕೊಟ್ಟ ದೂರಿನಲ್ಲಿ 437 ಕೋಟಿ ರೂಪಾಯಿ ಎಂದಿತ್ತು. ಅದೇ ಕಂಪನಿ ತೈವಾನ್ ಷೇರು ವಿನಿಮಯ ಕೇಂದ್ರಕ್ಕೆ ಹೇಳಿದ ಅಂದಾಜು 10 ಕೋಟಿಯಿಂದ 20 ಕೋಟಿ ತೈವಾನ್ ಡಾಲರ್, ಅಂದರೆ ಆಗಿನ ದರದಲ್ಲಿ 26ರಿಂದ 52 ಕೋಟಿ ರೂಪಾಯಿಯ ಆಸುಪಾಸು. ಮುಖ್ಯ ಯಂತ್ರೋಪಕರಣಗಳಿಗೂ ಗೋದಾಮಿಗೂ ದೊಡ್ಡ ಹಾನಿಯಾಗಿಲ್ಲ ಎಂದೂ ತಿಳಿಸಿತು. ಕಾರ್ಮಿಕರ ವಿರುದ್ಧದ ಅಭಿಪ್ರಾಯ ಗಟ್ಟಿಯಾದದ್ದು ಮೊದಲ ಅಂಕಿಯ ಮೇಲೆ. ಹೂಡಿಕೆದಾರರಿಗೆ ಹೇಳುವ ಅಂಕಿಗೆ ತೋರಿಸುವ ಎಚ್ಚರವನ್ನು ಪೊಲೀಸ್ ಠಾಣೆಗೆ ಕೊಡುವ ಅಂಕಿಗೂ ತೋರಿಸಬೇಕಾದದ್ದು ವ್ಯವಹಾರದ ನೀತಿಯೇ.

ಆಮೇಲೆ ಬದಲಾದದ್ದು

ಕಾರ್ಖಾನೆ ಎರಡು ತಿಂಗಳಿಗೂ ಹೆಚ್ಚು ನಿಂತಿತ್ತು. 2021ರ ಫೆಬ್ರವರಿಯಲ್ಲಿ ಮತ್ತೆ ಶುರುಮಾಡುವ ಪ್ರಕಟಣೆ ಬಂತು. ನೇಮಕಾತಿ ಮತ್ತು ಸಂಬಳದ ತಂಡಗಳನ್ನು ಹೊಸದಾಗಿ ಕಟ್ಟಲಾಗಿದೆ, ಕೆಲಸಕ್ಕೆ ಸೇರುವಾಗ ಸರಿಯಾದ ಕಾಗದಪತ್ರ ಕೊಡಲಾಗುತ್ತದೆ, ಹಕ್ಕುಗಳೇನು ಮತ್ತು ದೂರು ಎಲ್ಲಿ ಹೇಳಬೇಕು ಎಂಬ ತರಬೇತಿ ಎಲ್ಲರಿಗೂ ಆಗಿದೆ ಎಂದು ಎರಡೂ ಕಂಪನಿಗಳು ಹೇಳಿದವು. ಅದಕ್ಕೆ ಮೊದಲೇ, ಡಿಸೆಂಬರ್‌ನಲ್ಲೇ, ಹೆಸರು ಹೇಳದೆ ದೂರು ಕೊಡಬಹುದಾದ ದಿನದ 24 ಗಂಟೆಯ ಸಹಾಯವಾಣಿಯನ್ನು ಕನ್ನಡ, ತೆಲುಗು, ತಮಿಳು, ಹಿಂದಿ, ಇಂಗ್ಲಿಷ್ ಭಾಷೆಗಳಲ್ಲಿ ವಿಸ್ಟ್ರಾನ್ ತೆರೆದಿತ್ತು.

ಈ ತಿದ್ದುಪಡಿಗಳ ಪಟ್ಟಿಯಲ್ಲಿ ಹೊಸ ನೀತಿ ಘೋಷಣೆ ಒಂದೂ ಇಲ್ಲ. ಸಂಬಳದ ತಂಡ, ನೇಮಕದ ಪತ್ರ, ದೂರು ಹೇಳುವ ಫೋನು, ಭಾಷೆ: ಎಲ್ಲವೂ ರಚನೆಗೆ ಸೇರಿದ್ದು. ಕೋಲಾರದಂಥ ಮೂರು ರಾಜ್ಯದ ಗಡಿ ಸೇರುವ ಜಿಲ್ಲೆಯಲ್ಲಿ ದೂರನ್ನು ತನ್ನ ಮಾತಿನಲ್ಲೇ ಹೇಳಲು ಆಗುವುದು ಸಣ್ಣ ಸಂಗತಿಯಲ್ಲ. ಅವನ್ನು ಸೆಪ್ಟೆಂಬರ್‌ನಲ್ಲೇ ಮಾಡಲು ಬೇಕಿದ್ದ ಹಣ, ನಿಂತ ಎರಡು ತಿಂಗಳ ಉತ್ಪಾದನೆಯ ಮುಂದೆ ಏನೇನೂ ಅಲ್ಲ. ಹೊಸ ಪಾಳಿ ತರುವ ಮೊದಲು ಒಂದು ತಿಂಗಳ ಸಂಬಳವನ್ನು ಹಳೆಯ ಮತ್ತು ಹೊಸ ಸೂತ್ರ ಎರಡರಲ್ಲೂ ಲೆಕ್ಕಹಾಕಿ ತಾಳೆ ನೋಡುವುದು ಸಂಬಳ ವಿಭಾಗದಲ್ಲಿ ಕೆಲಸ ಮಾಡಿದ ಯಾರಿಗೂ ಗೊತ್ತಿರುವ ಕ್ರಮ. ಅದಕ್ಕೆ ಸಮಯ ಕೇಳುವ ಅಧಿಕಾರ ಮಾತ್ರ ಬೇಕು.

2023ರ ಅಕ್ಟೋಬರ್‌ನಲ್ಲಿ ಈ ಘಟಕವನ್ನು ಟಾಟಾ ಸಮೂಹಕ್ಕೆ ಸುಮಾರು 12.5 ಕೋಟಿ ಅಮೆರಿಕನ್ ಡಾಲರಿಗೆ ಮಾರುವುದಾಗಿ ವಿಸ್ಟ್ರಾನ್ ಪ್ರಕಟಿಸಿತು. ಅದೇ ವರ್ಷದ ಫೆಬ್ರವರಿಯಲ್ಲಿ ಕರ್ನಾಟಕ ವಿಧಾನಮಂಡಲ ಕಾರ್ಖಾನೆಗಳ ಕಾಯ್ದೆಗೆ ತಿದ್ದುಪಡಿ ತಂದು, ವಾರದ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆಯವರೆಗಿನ ಪಾಳಿಗೆ, ಕಾರ್ಮಿಕನ ಲಿಖಿತ ಒಪ್ಪಿಗೆಯ ಮೇಲೆ, ದಾರಿ ಮಾಡಿತು. 12 ಗಂಟೆಯಂತೆ ನಾಲ್ಕು ದಿನಕ್ಕೇ 48 ಮುಗಿಯುತ್ತದೆ, ಐದನೆಯ ದಿನ ಕರೆದರೆ ಮೊದಲ ಗಂಟೆಯಿಂದಲೇ ಓಟಿ ದರ. ಸಂಬಳದ ಸೂತ್ರ ಮೊದಲಿಗಿಂತ ಜಟಿಲ. ರಾಜ್ಯದಲ್ಲಿ ಆ ಪಾಳಿಗೆ ಹೋಗುವ ಪ್ರತಿ ಕಾರ್ಖಾನೆಯೂ ಗುತ್ತಿಗೆ ಕಾರ್ಮಿಕನ ಆ ಒಪ್ಪಿಗೆ ಪತ್ರ ಏಜೆನ್ಸಿಯ ಕಡತದಲ್ಲಿರಬೇಕೋ ಕಂಪನಿಯ ಕಡತದಲ್ಲೋ, ಐದನೆಯ ದಿನದ ಹಾಜರಿಗೆ ಸಹಿ ಯಾರದು, ಅಂಕಿ ತಪ್ಪಿದರೆ ಅವನು ಯಾವ ಮೇಜಿಗೆ ಹೋಗಬೇಕು ಎಂಬುದನ್ನು ಪಾಳಿ ಶುರುವಾಗುವ ಮೊದಲೇ ಒಬ್ಬ ಅಧಿಕಾರಿಯ ಹೆಸರಿನ ಮುಂದೆ ಬರೆದಿಡಬೇಕು, ಆ ಹೆಸರು ಪ್ರತಿ ಪೇ ಸ್ಲಿಪ್ಪಿನ ಕೆಳಗೆ ಕನ್ನಡದಲ್ಲಿ ಅಚ್ಚಾಗಬೇಕು.